ಎಲೆಗೆ ಮಾತ್ರ ತೆರೆಯುವ ಕೈ

ಇಲ್ಲ, ಟೋಕನ್ ಹಳದಿ ಬಣ್ಣದ್ದಾಗಿರಲಿಲ್ಲ. ಹಳದಿ ಎಂದು ಮೊನ್ನೆ ಮೊನ್ನೆಯವರೆಗೂ ಹೇಳಿಕೊಂಡು ಬಂದಿದ್ದೆ. ಹೇಳಿ ಹೇಳಿ ಈಗ ಕಣ್ಣು ಮುಚ್ಚಿದರೆ ಹಳದಿಯೇ ಕಾಣುತ್ತದೆ. ಆದರೆ ಅಂಗವಿಕಲರ ತಪಾಸಣೆಯ ಆ ಶಿಬಿರದಲ್ಲಿ ಮಕ್ಕಳ ನೋಟ್‌ಬುಕ್ಕಿನ ಹಾಳೆಗೆ ಸ್ಕೇಲಿಟ್ಟು ಹರಿದು, ನೀಲಿ ಪೆನ್ನಿನಲ್ಲಿ ನಂಬರು ಗೀಚಿ ಹಂಚುತ್ತಿದ್ದರು ಎಂಬುದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಬಣ್ಣವೇ ಕೈಕೊಟ್ಟ ಮೇಲೆ ಉಳಿದದ್ದರ ಮೇಲೆ ನಂಬಿಕೆ ಇಡುವುದು ಹೇಗೆ? ಆದರೂ ಬರೆಯಬೇಕು. ಮುಂದಿನ ಸೋಮವಾರದೊಳಗೆ ಬರೆಯಬೇಕು. ಯಾಕೆ ಎಂಬುದು ಕೊನೆಗೆ ಬರುತ್ತದೆ.

ಕಳೆದ ವಾರ ಪುತ್ತೂರಿನಲ್ಲಿ ಕಡಬದ ಬಸ್ಸು ಹತ್ತಿ ಕೂತಿದ್ದೆವು, ಅಕ್ಕ ಮತ್ತು ನಾನು. ಅಕ್ಕ ಕಿಟಕಿಯ ಬದಿ. ಬಸ್ಸು ಇನ್ನೂ ಹೊರಟಿರಲಿಲ್ಲ. ಹಿಂದಿನ ಸೀಟಿನಿಂದ ಒದ್ದೆ ಬೀಡಿ ಎಲೆಯ ವಾಸನೆ ಬಂತು. ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಎಲೆಗೆ ಚಹಾದ ಚರಟದ ಹಾಗೆ ಒಂದು ವಾಸನೆ ಉಂಟು. ಅದರ ಹಿಂದೆಯೇ ಮೂಗಿಗೆ ಕಚ್ಚುವ ಹೊಗೆಸೊಪ್ಪಿನ ಹುಡಿ. ನಾನು ಅಕ್ಕನ ಕಡೆ ನೋಡಲಿಲ್ಲ. ಅವಳ ಎಡಗೈ ಕಡೆಗೆ ನೋಡಿದೆ. ಅದು ಸೆರಗಿನ ಕೆಳಗಿತ್ತು.

ನನ್ನ ಅಕ್ಕ ವಾರಿಜ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಅವಳ ಎಡಬದಿಯನ್ನು ತೆಗೆದುಕೊಂಡು ಹೋಯಿತು. ಎಡಗಾಲನ್ನು ಎಳೆದು ನಡೆಯುತ್ತಾಳೆ. ಎಡಗೈ ಸದಾ ಮುಷ್ಟಿ, ಹೆಬ್ಬೆರಳು ಒಳಗೆ. ಆ ಕೈ ಲೋಟ ಹಿಡಿಯುವುದಿಲ್ಲ, ರವಿಕೆಯ ಹುಕ್ಕು ಹಾಕುವುದಿಲ್ಲ, ಬಾಚಣಿಗೆ ಎತ್ತುವುದಿಲ್ಲ. ಆದರೆ ಹನ್ನೆರಡೋ ಹದಿಮೂರೋ ವಯಸ್ಸಿಗೆ ಅವಳು ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಬೀಡಿ ಕಟ್ಟಲು ಕಲಿತಳು. ಎಲೆಯ ಅಂಚು ತಾಗಿದ ಕೂಡಲೇ ಆ ಮುಷ್ಟಿ ಸಡಿಲವಾಗುತ್ತಿತ್ತು. ಹೆಬ್ಬೆರಳು ಮತ್ತು ಪಕ್ಕದ ಬೆರಳು ಮಾತ್ರ ಹೊರಬಂದು ಎಲೆಯನ್ನು ಹಿಡಿದುಕೊಳ್ಳುತ್ತಿದ್ದವು. ಬಲಗೈ ಹುಡಿ ತುಂಬಿ ಸುತ್ತಿ, ಉಗುರಿನಿಂದ ಬಾಯಿ ಮಡಚಿ, ನೂಲು ಹಾಕುತ್ತಿತ್ತು. ಬೀಡಿ ತಡ್ಪೆಗೆ, ಅಂದರೆ ಮಡಿಲ ಮೇಲಿನ ಗೆರಸೆಗೆ, ಬಿದ್ದ ಮೇಲೆ ಮುಷ್ಟಿ ಮತ್ತೆ ಮುಚ್ಚುತ್ತಿತ್ತು. ನಾಚಿಕೆಮುಳ್ಳಿನ ಹಾಗೆ, ಆದರೆ ತಿರುಗಾಮುರುಗಾ. ಬೇರೆ ಯಾವುದಕ್ಕೂ ತೆರೆಯದ ಕೈ ಎಲೆಗೆ ಮಾತ್ರ ತೆರೆಯುತ್ತಿತ್ತು. ಯಾಕೆ ಎಂದು ನಾವು ಕೇಳಿದವರಲ್ಲ. ದಿನಕ್ಕೆ ಸಾವಿರ ಬೀಡಿ ಕಟ್ಟುವವಳನ್ನು ಯಾಕೆ ಎಂದು ಯಾರು ಕೇಳುತ್ತಾರೆ?

ಐದು ವರ್ಷದ ಹಿಂದೆ, ಆ ಶಿಬಿರದ ವರ್ಷ, ನಾನು ಕಡಬದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ಕೋಡಿಂಬಾಳದಲ್ಲಿ ರಸ್ತೆಗೆ ತಾಗಿಕೊಂಡು ಐದು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ. ಅಪ್ಪ ಅಮ್ಮ ತೀರಿಹೋಗಿ ಬಹಳ ವರ್ಷ ಆಗಿತ್ತು. ಎದುರಿನ ಗುಡ್ಡದಲ್ಲಿ ರಬ್ಬರ್ ಮರಗಳು ಎಲೆ ಉದುರಿಸಿ ನಿಂತಿದ್ದವು ಎಂದು ನೆನಪು, ಹಾಗಾಗಿ ಅದು ಜನವರಿಯ ಕೊನೆ ಇರಬೇಕು. ಅಕ್ಕನ ಎಡಪಾದ ಒಳಕ್ಕೆ ತಿರುಚಿಕೊಂಡು, ಅವಳು ಪಾದದ ಹೊರ ಅಂಚಿನ ಮೇಲೆ ನಡೆಯತೊಡಗಿದ್ದಳು. ಅಲ್ಲಿ ಹುಣ್ಣಾಯಿತು. ಅರಶಿನ ಹಚ್ಚಿದಳು, ಮುಲಾಮು ಹಚ್ಚಿದಳು. ಪುತ್ತೂರಿನ ಡಾಕ್ಟರು ಹುಣ್ಣನ್ನು ನೋಡದೆ ಪಾದವನ್ನು ನೋಡಿದರು.

"ಪಾದ ನೆಟ್ಟಗೆ ಮಾಡದೆ ಇದು ಮಾಯುದಿಲ್ಲ. ಎಲುಬಿಗೆ ಇಳಿದ್ರೆ ಮತ್ತೆ ಪಾದದ ಆಸೆ ಬಿಡ್ಬೇಕಾಗ್ತದೆ. ಮಳೆಗಾಲ ಮುಗಿಯುವ ಮೊದಲು ಆಪರೇಷನ್ ಆಗ್ಲಿ."

ಅಷ್ಟು ದೊಡ್ಡ ಆಪರೇಷನ್ ನಮ್ಮ ಕೈಲಾಗುವಂಥದ್ದಲ್ಲ. ಬಿಪಿಎಲ್ ಕಾರ್ಡು ಇದ್ದಿದ್ದರೆ ಹೆಚ್ಚಿನದ್ದನ್ನು ಸರಕಾರವೇ ನೋಡಿಕೊಳ್ಳುತ್ತಿತ್ತು. ನಮ್ಮದು ಎಪಿಎಲ್. ಅದು ಹಾಗಾದದ್ದು ಅಪ್ಪನಿಂದ. ರೇಶನ್ ಕಾರ್ಡಿನ ವಿಚಾರಣೆಗೆ ಬಂದವರಿಗೆ ಅಪ್ಪ ಎಳನೀರಿನ ಬೊಂಡ ಕೆತ್ತಿ ಕೊಟ್ಟು, "ನಮಗೆಂತ ಕೊರತೆ ಮಾರಾಯ್ರೆ? ಮಗ ನಾಳೆ ಮಾಸ್ಟ್ರು ಆಗ್ತಾನೆ. ಮಗಳು ಕೂತಲ್ಲೇ ಸಾವಿರ ಬೀಡಿ ಕಟ್ತಾಳೆ" ಎಂದಿದ್ದರಂತೆ. ಮನೆಗೆ ಬಂದವರ ಮುಂದೆ ಕೊರತೆ ಹೇಳಿಕೊಳ್ಳಬಾರದು ಎಂಬುದು ನಮ್ಮ ಕಡೆಯ ಮರ್ಯಾದೆ. ಬಂದವನು ಕೊರತೆಯ ಪಟ್ಟಿ ಮಾಡಲೆಂದೇ ಬಂದಿದ್ದರೂ ಸಹ.

ಹಾಗಾಗಿ ಉಳಿದದ್ದು ಇನ್ನೊಂದು ದಾರಿ. ಅದನ್ನು ತೋರಿಸಿದವರು ಪದ್ಮನಾಭಣ್ಣ. ಪಂಚಾಯತಿನಲ್ಲಿ ಅಂಗವಿಕಲರ ಕೆಲಸ ನೋಡಿಕೊಳ್ಳುವ ಕಾರ್ಯಕರ್ತ. ಎರಡೂ ಕಾಲು ಸಣ್ಣ. ಹಿಂದೆ ಎರಡು ಹೆಚ್ಚುವರಿ ಗಾಲಿ ಸಿಕ್ಕಿಸಿದ ಸ್ಕೂಟರಿನಲ್ಲಿ ಊರಿಡೀ ತಿರುಗುತ್ತಿದ್ದರು. ನಮ್ಮ ಮೆಟ್ಟಿಲ ಬುಡದಲ್ಲಿ ಸ್ಕೂಟರ್ ನಿಲ್ಲಿಸಿ, ಇಳಿಯದೆಯೇ ಕೂಗಿ ಹೇಳಿದರು.

"ಮಾಸ್ಟ್ರೆ, ಅಂಗವಿಕಲರ ಆಪರೇಷನ್ನಿಗೆ ಸರಕಾರದ ನೆರವು ಒಂದುಂಟು. ಅದಕ್ಕೆ ಯುಡಿಐಡಿ ಕಾರ್ಡು, ಅಂಗವಿಕಲರ ಗುರುತಿನ ಕಾರ್ಡು ಬೇಕು. ಡಾಕ್ಟ್ರು ನೋಡಿ ಬರೆಯುವ ಊನದ ಪರ್ಸೆಂಟು ನಲವತ್ತು ಆಗ್ಬೇಕು. ನಲವತ್ತು ಆದ್ರೆ ಪಾಸು."

"ನಿಮ್ಮದು ಎಷ್ಟು ಪದ್ಮನಾಭಣ್ಣ?" ಎಂದು ಅಕ್ಕ ಒಳಗಿನಿಂದ ಕೇಳಿದಳು.

"ನನ್ನದು ಎಪ್ಪತ್ತೈದು ವಾರಿಜಕ್ಕ. ಡಿಸ್ಟಿಂಕ್ಷನ್!"

ಅಕ್ಕ ನಕ್ಕಳು. "ನಾನು ಶಾಲೆಗೇ ಹೋದವಳಲ್ಲ. ಫೇಲಾಗುದು ಗ್ಯಾರಂಟಿ."

ಅರ್ಜಿ ಹಾಕಲು ಮೊದಲು ಆಧಾರ್ ಕಾರ್ಡಿಗೆ ಫೋನ್ ನಂಬರು ಸೇರಿಸಬೇಕಿತ್ತು, ಅದಕ್ಕೆ ಬೆರಳೊತ್ತಬೇಕಿತ್ತು. ಕಡಬದ ಸೇವಾ ಕೇಂದ್ರದಲ್ಲಿ ಕೂತಿದ್ದ ಹುಡುಗಿ ಅಕ್ಕನ ಬಲಗೈಯ ಒಂದೊಂದೇ ಬೆರಳನ್ನು ಗಾಜಿನ ಮೇಲೆ ಒತ್ತಿದಳು, ಒರೆಸಿದಳು, ಮತ್ತೆ ಒತ್ತಿದಳು. ಮೂವತ್ತು ವರ್ಷ ಎಲೆ ಉಜ್ಜಿ ಉಜ್ಜಿ ಆ ಬೆರಳುಗಳಲ್ಲಿ ಗೆರೆ ಉಳಿದಿರಲಿಲ್ಲ.

"ಅಕ್ಕ, ನಿಮಗೆ ಬೆರಳೇ ಇಲ್ಲ ಅಂತ ತೋರಿಸ್ತದೆ ಇದು."

"ಇಲ್ಲದ ಬೆರಳಲ್ಲಿ ದಿನಾ ಸಾವಿರ ಬೀಡಿ ಕಟ್ಟುದಾ ನಾನು? ಹೇಳು ಮಗ ಅದಕ್ಕೆ."

ಕೊನೆಗೆ ಕಣ್ಣಿನ ಗುರುತು ತೆಗೆದುಕೊಂಡು ಕೆಲಸ ಮುಗಿಸಿದರು. ಅದು ಒಂದೇ ದಿನದಲ್ಲಿ ಮುಗಿಯಿತು ಎಂದು ಬರೆಯಹೊರಟಿದ್ದೆ. ಮೂರು ಸಲ ಹೋಗಿದ್ದೇವೆ. ನೆನಪು ಮೂರನ್ನೂ ಸೇರಿಸಿ ಒಂದು ಮಾಡಿ, ತಮಾಷೆಯ ಮಾತನ್ನು ಮಾತ್ರ ಉಳಿಸಿಕೊಂಡಿದೆ. ಹಿಂದಿರುಗಿ ಬರುವಾಗ ಬಸ್ಸಿಗೆ ಕಾಯುತ್ತ ಅವಳು ಒಂಟಿಕಾಲಲ್ಲಿ ಕಂಬಕ್ಕೆ ಆತುಕೊಂಡು ನಿಂತದ್ದು, ಚಪ್ಪಲಿಯ ಅಂಚಿನಲ್ಲಿ ಕೀವಿನ ಕಲೆ, ಇವನ್ನು ನಾನಾಗಿ ಎಳೆದು ತರಬೇಕಾಗುತ್ತದೆ.

ಶಿಬಿರ ನಡೆದದ್ದು ಪುತ್ತೂರಿನ ಒಂದು ಮದುವೆ ಹಾಲಿನಲ್ಲಿ. ನಮ್ಮ ತಾಲೂಕು ಹೊಸತು, ಬೋರ್ಡು ಮಾತ್ರ ಕಡಬದ್ದು. ಇಂಥದ್ದಕ್ಕೆಲ್ಲ ಪುತ್ತೂರಿಗೇ ಬರಬೇಕಿತ್ತು. ಹಿಂದಿನ ದಿನದ ಮದುವೆಯ ಅಲಂಕಾರವನ್ನು ಇನ್ನೂ ಬಿಚ್ಚಿರಲಿಲ್ಲ. ವಧೂವರರು ಕೂರುವ ವೇದಿಕೆಯ ಮೇಲೆ ಡಾಕ್ಟರುಗಳ ಮೇಜು, ಹಿಂದೆ ಬಾಡಿದ ಸೇವಂತಿಗೆಯ ಪರದೆ. ಕೆಳಗೆ ಕುರ್ಚಿಗಳಲ್ಲಿ ನಾವು. ಮಾರ್ಚಿನ ಸೆಕೆ. ಕರೆಂಟು ಹೋಗಿ ಫ್ಯಾನುಗಳು ನಿಂತಿದ್ದವು. ನಮ್ಮ ನಂಬರು ನೂರ ಹದಿನೇಳು. ಬೆಳಿಗ್ಗೆ ಎಂಟಕ್ಕೆ ಹೋದವರಿಗೆ ಮೂರು ಗಂಟೆಯವರೆಗೆ ಕರೆ ಬರಲಿಲ್ಲ. ಒಮ್ಮೆ ಎದ್ದುಹೋದರೆ ಸರದಿ ತಪ್ಪುತ್ತದೆ ಎಂದು ಅಕ್ಕ ನೀರೂ ಕುಡಿಯಲಿಲ್ಲ.

ಈಗ ಬರುವುದು ನಾನು ಎಲ್ಲರಿಗೂ ಹೇಳುವ ಕಥೆ.

ಕರೆ ಬಂತು. ವೇದಿಕೆ ಹತ್ತಿದೆವು. ಎಲುಬಿನ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು, ಸೌಮ್ಯವಾಗಿಯೇ ಮಾತಾಡುತ್ತಿದ್ದರು. ಟೋಕನ್ ಕೇಳಿದರು. ಅಕ್ಕ ಬಲಗೈ ಚಾಚಿದಳು. ಅಂಗೈಯಲ್ಲಿದ್ದದ್ದು ಒಂದು ಬೀಡಿ. ಅಂದರೆ ಆರೇಳು ಗಂಟೆ ಕೂತಲ್ಲಿ ಆ ಚೀಟಿಯನ್ನು ಅವಳ ಕೈಗಳು ತಾವಾಗಿಯೇ ಬೀಡಿ ಸುತ್ತಿ, ಉಗುರಿನಿಂದ ಬಾಯಿ ಮಡಚಿ, ಸೆರಗಿನ ನೂಲೊಂದನ್ನು ಕಿತ್ತು ಕಟ್ಟಿಯೂ ಬಿಟ್ಟಿದ್ದವು. ಡಾಕ್ಟರು ಅದನ್ನು ಮೇಲೆ ಕೆಳಗೆ ಮಾಡಿ ನೋಡಿದರು. ನಿಧಾನವಾಗಿ ಬಿಡಿಸಿದರು. ನೂರ ಹದಿನೇಳು. "ಇದನ್ನು ಕಟ್ಟಿದ್ದು ಯಾರು?" ಎಂದು ಕೇಳಿದರು. "ನಾನೇ" ಎಂದಳು ಅಕ್ಕ. ಡಾಕ್ಟರು ಬರೆದರು. ಮೂವತ್ತೆಂಟು.

ಚಂದದ ಕಥೆ. ಕೇಳಿದವರು ಅಯ್ಯೋ ಎನ್ನುತ್ತಾರೆ. ಸ್ಟಾಫ್‌ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಸೆರಗಿನ ನೂಲು ಮೊದಲ ಸಲ ಹೇಳುವಾಗ ಇರಲಿಲ್ಲ, ನಡುವೆ ಯಾವಾಗಲೋ ಸೇರಿಕೊಂಡಿತು. ಹಳದಿ ಬಣ್ಣವೂ ಹಾಗೆಯೇ ಬಂದಿರಬೇಕು, ಬೀಡಿಯ ಬಣ್ಣಕ್ಕೆ ಹತ್ತಿರ ಇರಲಿ ಎಂದು.

ಇನ್ನೊಂದು ಸಲ ಬರೆಯುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ವೇದಿಕೆ ಹತ್ತಿದೆವು. ಡಾಕ್ಟರು ಅಕ್ಕನ ಕಾಲು ಅಳೆದರು, ಮಂಡಿ ಮಡಚಿಸಿದರು. ಪೆನ್ನು ಕೊಟ್ಟು ಎಡಗೈಯಲ್ಲಿ ಹಿಡಿಯಿರಿ ಎಂದರು. ಕೈ ತೆರೆಯಲಿಲ್ಲ. ಲೋಟ ಕೊಟ್ಟರು. ತೆರೆಯಲಿಲ್ಲ. "ಈ ಕೈಯಲ್ಲಿ ಏನೂ ಮಾಡ್ಲಿಕ್ಕೆ ಆಗುದಿಲ್ವಾ?" ಎಂದು ಕೇಳಿದರು. ಕೇಳಿದ್ದು ಅಕ್ಕನನ್ನು. ಅಕ್ಕ ತಲೆ ತಗ್ಗಿಸಿದಳು. ನಲವತ್ತೈದು ದಾಟಿದ ಹೆಂಗಸು, ಮನೆಯ ಮುಕ್ಕಾಲು ಪಾಲು ಹೊತ್ತವಳು, ಅಷ್ಟು ಜನರ ಮುಂದೆ, ಮದುವೆಯ ಪರದೆಯ ಕೆಳಗೆ ಏನೂ ಆಗದವಳಾಗಿ ನಿಂತದ್ದು ನನಗೆ ತಡೆಯಲಾಗಲಿಲ್ಲ. "ಯಾಕಾಗುದಿಲ್ಲ ಮೇಡಂ? ನಮ್ಮ ಅಕ್ಕ ಇದೇ ಕೈಯಲ್ಲಿ ದಿನಾ ಸಾವಿರ ಬೀಡಿ ಕಟ್ತಾಳೆ. ಇಡೀ ಬೀಡಿ ಬ್ರಾಂಚಿನಲ್ಲಿ ಅವಳ ಬೀಡಿ ಒಂದೂ ವಾಪಾಸು ಬರುದಿಲ್ಲ" ಎಂದೆ.

ಹಾಗೆ ಅಂದೆನೇ? ಅಂದೆ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ಇದರಲ್ಲಿ ಅಪ್ಪನ ಮಾತು, ಅಪ್ಪನ ಸಾವಿರ, ಎಲ್ಲ ಎಷ್ಟು ಸರಿಯಾಗಿ ಬಂದು ಕೂತಿದೆ ನೋಡಿ. ಅಪ್ಪ ಮಾಡಿದ್ದನ್ನೇ ಮಗನೂ ಮಾಡಿದ. ಇಷ್ಟು ಅಚ್ಚುಕಟ್ಟಾಗಿ ಜೀವನ ನಡೆಯುವುದಿಲ್ಲ. ಹಾಗಾಗಿ ಇದೂ ನಾನು ಕಟ್ಟಿದ್ದೇ ಇರಬಹುದು, ಬೇರೆ ಎಲೆಯಲ್ಲಿ. ಅಕ್ಕನನ್ನು ಒಮ್ಮೆ ಕೇಳಿದ್ದೆ. ಅವಳು, "ನೀನು ಮೇಲೆ ಬರ್ಲೇ ಇಲ್ಲ ಮಾರಾಯ. ಹೆಡ್ಮಾಸ್ಟ್ರ ಫೋನು ಬಂತು ಅಂತ ಹೊರಗೆ ಹೋಗಿದ್ದಿ" ಎಂದಳು. ಟೋಕನ್ ಸುತ್ತಿದ್ದು ಹೌದಾ ಎಂದರೆ, "ಅದು ಹೌದಿರ್ಬೇಕು. ನಾನು ಎಂತ ಸಿಕ್ಕಿದ್ರೂ ಸುತ್ತುದಲ್ವಾ" ಎಂದಳು.

ಮೂವತ್ತೆಂಟು ಮಾತ್ರ ನಿಜ. ಕಾಗದ ಉಂಟು. ನಾನು ಮಾಸ್ತರ, ಎರಡು ಮಾರ್ಕಿಗೆ ಬಿದ್ದ ಮಕ್ಕಳ ಉತ್ತರಪತ್ರಿಕೆಯಲ್ಲಿ ಎಲ್ಲಾದರೂ ಎರಡು ಮಾರ್ಕು ಅಡಗಿದೆಯೋ ಎಂದು ಹುಡುಕಿ ಕೊಟ್ಟವನು. ಅಕ್ಕನ ಮೈಯಲ್ಲಿ ಇನ್ನೂ ಎರಡು ಪರ್ಸೆಂಟ್ ಕೊರತೆ ಎಲ್ಲಿ ಅಡಗಿದೆ ಎಂದು ಅವಳು ನಡೆಯುವಾಗ, ಉಣ್ಣುವಾಗ, ಹಿಂದಿನಿಂದ ನೋಡತೊಡಗಿದೆ. ಹಾಗೆ ನೋಡಿದ್ದು ಅವಳಿಗೆ ಗೊತ್ತಾಯಿತು. ಒಂದು ದಿನ ಅನ್ನದ ಬಟ್ಟಲಿನಿಂದ ತಲೆಯೆತ್ತದೆ, "ಎಂತ ವ್ಯಾಲ್ಯುವೇಷನ್ನಾ?" ಎಂದಳು.

ಪದ್ಮನಾಭಣ್ಣ ಮತ್ತೆ ಬಂದರು. ಮೇಲ್ಮನವಿ ಹಾಕಬಹುದು, ಮಂಗಳೂರಿನಲ್ಲಿ ಬೇರೆ ಡಾಕ್ಟರುಗಳ ಮಂಡಳಿ ಮೊದಲಿನಿಂದ ನೋಡುತ್ತದೆ ಎಂದರು. ನಾನು ಫಾರಂ ತುಂಬಿದೆ. ಹೊರಡುವಾಗ ಸ್ಕೂಟರಿನ ಕನ್ನಡಿ ಸರಿಮಾಡುತ್ತ ಅವರು ಒಂದು ಮಾತು ಹೇಳಿದರು.

"ಸುಳ್ಳು ಹೇಳಿ ಅಂತ ನಾನು ಹೇಳುದಿಲ್ಲ ಮಾಸ್ಟ್ರೆ. ಆದ್ರೆ ಆ ಕೈಗೆ ಸ್ವಲ್ಪ ದಿನ ರಜೆ ಕೊಡಿ. ಅವರು ನೋಡುದು ಆ ದಿನದ ಕೈಯನ್ನು, ಹಿಂದಿನ ಸಾವಿರ ಬೀಡಿಯನ್ನಲ್ಲ."

ಅಲ್ಲಿಂದ ಶುರುವಾದದ್ದೇ ಆ ಬೇಸಗೆ. ನಾನು ನೆನಪು ಎಂದು ಕರೆಯುವುದು ನಿಜಕ್ಕೂ ಆ ಎರಡೂವರೆ ತಿಂಗಳನ್ನು ಮಾತ್ರ; ಉಳಿದದ್ದು ಅದರ ಮುಂದೆ ಹಿಂದೆ ಅಂಟಿಸಿದ್ದು.

ತಡ್ಪೆಯನ್ನು ನಾನು ಎತ್ತಿ ಅಟ್ಟಕ್ಕಿಟ್ಟೆ. ಅಥವಾ ಅವಳೇ ಎತ್ತಿ ಕೊಟ್ಟಳು, ನಾನು ಏಣಿ ಹತ್ತಿದೆ. ಎರಡೂ ರೀತಿ ಕಣ್ಣಿಗೆ ಕಟ್ಟುತ್ತದೆ. ಕತ್ತರಿ, ಎಲೆ ಅಳೆಯುವ ತಗಡು, ನೂಲಿನ ಉಂಡೆ, ಎಲ್ಲ ಅದರೊಳಗಿತ್ತು. ಎಲೆ, ಹುಡಿ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನ ಹಮೀದ್ ಬ್ಯಾರಿಗಳಿಗೆ ಹೇಳಲು ಹೋದೆ.

"ಎರಡು ತಿಂಗಳು ಎಲೆ ಬೇಡ್ವಾ? ವಾರಿಜನಿಗಾ? ಎಂತಾಯ್ತು ಮಾಸ್ಟ್ರೆ?" ಎಂದರು ಅವರು. ಕಾರಣ ಹೇಳಿದೆ. ಅವರು ಸ್ವಲ್ಪ ಹೊತ್ತು ತೂಕದ ಬಟ್ಟಲನ್ನು ಒರೆಸಿದರು. "ನನ್ನ ಉಮ್ಮ ಎಂಬತ್ತನೇ ವರ್ಷದವರೆಗೆ ಕಟ್ಟಿದ್ರು. ಕೈ ನಿಂತ ಮೇಲೆ ಹೆಚ್ಚು ದಿನ ಇರ್ಲಿಲ್ಲ. ಕೂತ್ರೆ ಕೈ ಕೂತುಬಿಡ್ತದೆ. ನೋಡಿ ಮಾಡಿ."

ನೋಡಿ ಮಾಡಿ ಎಂಬುದನ್ನು ನಾನು ಬರೀ ಮಾತಿನ ವಾಡಿಕೆ ಎಂದುಕೊಂಡೆ.

ಅಕ್ಕ ಮೂವತ್ತು ವರ್ಷದಲ್ಲಿ ಮೊದಲ ಸಲ ಸುಮ್ಮನೆ ಕೂತಳು. ಕಾಲಿನ ಹುಣ್ಣಿನಿಂದಾಗಿ ನಡೆಯುವಂತಿಲ್ಲ, ಕೈಗೆ ಕೆಲಸ ಮಾಡುವಂತಿಲ್ಲ. ಜಗಲಿಯಲ್ಲಿ ಕೂತರೆ ಪಕ್ಕದ ಮನೆಯ ಹೆಂಗಸರು ಎಲೆ ಕತ್ತರಿಸುವ ಸದ್ದು ಕೇಳುತ್ತದೆ. ಒಳಗೆ ಕೂತರೆ ಹಂಚಿನ ಕಾವು. ಫ್ಯಾನು ಇದ್ದರೂ ಕರೆಂಟು ಇರುತ್ತಿರಲಿಲ್ಲ. ಅವಳು ಕಿಟಕಿಯಲ್ಲಿ ಬಸ್ಸು ಲೆಕ್ಕ ಮಾಡುತ್ತಿದ್ದಳು. ನಾನು ಶಾಲೆಯಿಂದ ಬಂದಾಗ, "ಇವತ್ತು ಸುಬ್ರಹ್ಮಣ್ಯದ್ದು ಎರಡು ಬರ್ಲೇ ಇಲ್ಲ" ಎಂದು ವರದಿ ಕೊಡುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ನಾನು ಪರೀಕ್ಷೆಯ ಹಾಲಿನಲ್ಲಿ ಹಗಲಿಡೀ ಮಕ್ಕಳ ಕೈ ನೋಡುತ್ತ ತಿರುಗುವುದು, ಮನೆಗೆ ಬಂದು ಅಕ್ಕನ ಕೈ ನೋಡುವುದು. ಒಂದು ಸಂಜೆ ಬಂದಾಗ ಅವಳ ಎಡಗೈಯಲ್ಲಿ ಪೇಪರಿನ ತುಂಡಿತ್ತು. ಎರಡು ಬೆರಳು ಹೊರಬಂದು ಹಿಡಿದಿದ್ದವು, ಬಲಗೈ ಸುತ್ತುತ್ತಿತ್ತು. ಅವಳಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ, ದೂರ ಎಲ್ಲೋ ನೋಡುತ್ತಿದ್ದಳು. ನಾನು ಗಟ್ಟಿಯಾಗಿ "ಅಕ್ಕಾ!" ಎಂದೆ. ನಕಲು ಹೊಡೆಯುವಾಗ ಸಿಕ್ಕಿಬಿದ್ದ ಮಕ್ಕಳ ಹಾಗೆ ಅವಳು ಬೆಚ್ಚಿ ಪೇಪರು ಬಿಸಾಡಿದಳು. ಮುಷ್ಟಿ ಮುಚ್ಚಿತು.

ಮಾರನೆಯ ದಿನ ಮೆಡಿಕಲ್ ಶಾಪಿನಿಂದ ಅಗಲದ ಬ್ಯಾಂಡೇಜು ತಂದು ಆ ಮುಷ್ಟಿಯನ್ನು ಸುತ್ತಿ ಕಟ್ಟಿದೆ. ಇದರಲ್ಲಿ ಎರಡು ರೀತಿ ಇಲ್ಲ. ಕಟ್ಟಿದ್ದು ನಾನೇ.

"ಬಿಗಿ ಆಯ್ತಾ?"

"ಇಲ್ಲ."

"ಸ್ನಾನಕ್ಕೆ ಬಿಚ್ಚು, ಮತ್ತೆ ನಾನು ಕಟ್ಟಿಕೊಡ್ತೇನೆ."

"ಇಷ್ಟು ದಿನ ಅದೇ ಮುಚ್ಚಿಕೊಳ್ತಿತ್ತು," ಎಂದಳು ಅಕ್ಕ, ನನ್ನ ಗಂಟನ್ನು ನೋಡುತ್ತ. "ಈಗ ಅದಕ್ಕೂ ನೀನು ಬೇಕಾಯ್ತು."

ಆಮೇಲೆ ಅವಳ ನಾಲಗೆ ಹರಿತವಾಯಿತು. ಸಾರಿಗೆ ಉಪ್ಪಿಲ್ಲ ಎಂದರೆ, "ಉಪ್ಪು ಹಾಕುವ ಕೈಗೆ ರಜೆ" ಎನ್ನುತ್ತಿದ್ದಳು. ಉಪ್ಪು ಹಾಕುವುದು ಬಲಗೈ ಎಂದು ನಾನು ಹೇಳಲಿಲ್ಲ. ಪಕ್ಕದ ಮನೆಯವರು ಕಾಣಲು ಬಂದರೆ, "ಎಲೆ ಮುಟ್ಟಿದ ಕೈಯಲ್ಲಿ ಬರ್ಬೇಡಿ, ಮಾಸ್ಟ್ರು ಡಿಬಾರ್ ಮಾಡ್ತಾರೆ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ. ಏಪ್ರಿಲ್ ಮುಗಿಯುವಷ್ಟರಲ್ಲಿ ಅವರು ಬರುವುದು ಕಡಿಮೆಯಾಯಿತು, ಅವರಿಗೂ ಕೆಲಸ ಇರುತ್ತದಲ್ಲ. ಕೆಲವು ದಿನ ಇಡೀ ಹಗಲು ಅವಳು ಯಾರೊಡನೆಯೂ ಮಾತಾಡಿರುತ್ತಿರಲಿಲ್ಲ. ಬಂದು ಬಾಗಿಲು ತೆರೆದರೆ ಒಳಗಿನ ಬಿಸಿಗಾಳಿಯ ಜೊತೆ ಹುಣ್ಣಿನ ಮದ್ದಿನ ವಾಸನೆ, ಮಂಚದ ಮೇಲೆ ಬಿಳಿ ಬ್ಯಾಂಡೇಜಿನ ಮುಷ್ಟಿ. ಹೊರಟುಬಿಡೋಣ ಎನಿಸುತ್ತಿತ್ತು, ನನಗೆ. ಅವಳಿಗೆ ಏನೆನಿಸುತ್ತಿತ್ತೋ. ಬೇಡ, ಇದನ್ನು ಬಿಡು, ಪಾದ ಹೋದರೆ ಹೋಗಲಿ ಎಂದು ಅವಳು ಒಮ್ಮೆ ಹೇಳಿದ್ದರೆ ನಾನು ಏನು ಮಾಡುತ್ತಿದ್ದೆ? ಅವಳು ಹೇಳಲಿಲ್ಲ. ಕಟ್ಟು ಬಿಚ್ಚು ಎಂದೂ ಹೇಳಲಿಲ್ಲ.

ಮೇ ತಿಂಗಳ ಕೊನೆಗೆ ಮಂಗಳೂರಿಗೆ ಕರೆ ಬಂತು. ಬೆಳಿಗ್ಗೆ ಹೊರಡುವ ಮೊದಲು ಬ್ಯಾಂಡೇಜು ಬಿಚ್ಚಿದೆ. ಚರ್ಮ ಬಿಳುಚಿ, ಬೇಯಿಸಿದ ಹಾಗೆ ಸುಕ್ಕಾಗಿತ್ತು. ಉಗುರುಗಳು ಅಂಗೈಗೆ ಒತ್ತಿ ನಾಲ್ಕು ಗುರುತು.

ಮಂಡಳಿಯಲ್ಲಿದ್ದದ್ದು ಪ್ರಾಯ ಸಂದ ಡಾಕ್ಟರು. ಪೆನ್ನು, ಲೋಟ, ಅಂಗಿಯ ಗುಂಡಿ. ಕೈ ತೆರೆಯಲಿಲ್ಲ. ಅವರು ತಾವೇ ಬೆರಳುಗಳನ್ನು ಬಿಡಿಸಲು ನೋಡಿದರು. ಅಕ್ಕ ಕಿರುಚಿದಳು. ಆ ಕೂಗು ಕೇಳಿ ಹೊರಗೆ ಸಾಲಿನಲ್ಲಿದ್ದವರು ಬಾಗಿಲಿಗೆ ಬಂದರು. ಡಾಕ್ಟರು ಕೈ ಬಿಟ್ಟು, "ಆಯ್ತಮ್ಮ, ಆಯ್ತು" ಎಂದರು. "ಈ ಕೈ ಯಾವಾಗಿನಿಂದ ಹೀಗೆ?" ಎಂದು ನನ್ನನ್ನು ಕೇಳಿದರು. "ನಾಲ್ಕು ವರ್ಷದಿಂದ" ಎಂದೆ. ನಾಲ್ಕನೇ ವಯಸ್ಸಿನಿಂದ ಎನ್ನಬೇಕಿತ್ತು. ಅವರು ಅರ್ಥ ಮಾಡಿಕೊಂಡರು ಎಂದುಕೊಳ್ಳುತ್ತೇನೆ. ಉದ್ಯೋಗ ಏನು ಎಂದು ಕೇಳಿದರು. ನಾನು ಕೈಯಲ್ಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ. "ಮನೆಯಲ್ಲಿ ಇರುದು" ಎಂದಳು ಅಕ್ಕ. ಎರಡೂವರೆ ತಿಂಗಳಿನಿಂದ ಅದು ಸತ್ಯವೇ ಆಗಿತ್ತು.

ಐವತ್ತೆರಡು. ಐದು ವರ್ಷಕ್ಕೆ ಮಾತ್ರ ಮಾನ್ಯ, ಆಮೇಲೆ ಮತ್ತೆ ತೋರಿಸಬೇಕು.

"ಸೆಕೆಂಡ್ ಕ್ಲಾಸು!" ಎಂದರು ಪದ್ಮನಾಭಣ್ಣ, ಫೋನಿನಲ್ಲಿ.

ಆ ಮಳೆಗಾಲದಲ್ಲೇ ಆಪರೇಷನ್ ಆಯಿತು. ಒಳಗೆ ಸ್ಕ್ರೂ ಹಾಕಿ ಪಾದವನ್ನು ನೇರ ಮಾಡಿದರು. ಹುಣ್ಣು ಮಾಯಿತು. ದೀಪಾವಳಿಯ ಹೊತ್ತಿಗೆ ಅಕ್ಕ ಪೂರ್ತಿ ಪಾದ ಊರಿ ಅಂಗಳ ದಾಟಿ ರಸ್ತೆಯವರೆಗೆ ಹೋಗಿ ಬಂದಳು. ನಾನು ಏಣಿ ಹತ್ತಿ ತಡ್ಪೆ ಇಳಿಸಿದೆ. ಇಲಿ ನೂಲನ್ನು ಕಡಿದಿತ್ತು. ಹಮೀದ್ ಬ್ಯಾರಿಗಳು ಒಳ್ಳೆಯ ಎಲೆಯ ಕಟ್ಟೊಂದನ್ನು ತಾವಾಗಿ ಕಳಿಸಿದ್ದರು. ಅಕ್ಕ ಚಕ್ಕಳಮಕ್ಕಳ ಹಾಕಲಾಗದೆ ಕುರ್ಚಿಯಲ್ಲಿ ಕೂತು, ಎಲೆಯನ್ನು ಎಡಗೈಗೆ ತಾಗಿಸಿದಳು.

ಕೈ ತೆರೆಯಲಿಲ್ಲ.

ಇನ್ನೊಂದು ಎಲೆ ತೆಗೆದುಕೊಂಡಳು. ಹೆಬ್ಬೆರಳಿನ ಮೇಲೆ ಸವರಿದಳು. ಎಲೆ ಜಾರಿ ತಡ್ಪೆಗೆ ಬಿತ್ತು. ಮೂರನೆಯದಕ್ಕೆ ನೀರು ಹಚ್ಚಿದಳು. ನಾನು ಬಾಗಿಲ ಬಳಿ ನಿಂತಿದ್ದೆ. "ನಾಳೆ ನೋಡುವ" ಎಂದಳು.

ನಾಳೆಯೂ ಆಗಲಿಲ್ಲ, ಮರುವಾರವೂ ಇಲ್ಲ. ಬಿಸಿನೀರಿನಲ್ಲಿಟ್ಟೆವು. ವ್ಯಾಯಾಮ ಹೇಳಿಕೊಡುವವರಲ್ಲಿಗೆ ಕರೆದುಕೊಂಡು ಹೋದೆ. ಹಳೆಯ ಅಭ್ಯಾಸ ಒಮ್ಮೆ ತಪ್ಪಿದರೆ ಬರಲೂಬಹುದು, ಬರದೆಯೂ ಇರಬಹುದು ಎಂದರು. ನಾನು ಬ್ಯಾಂಡೇಜಿನ ವಿಷಯ ಅವರಿಗೆ ಹೇಳಲಿಲ್ಲ. ಆ ವರ್ಷದ ಕೊನೆಗೆ ಬ್ರಾಂಚಿನ ಪುಸ್ತಕದಿಂದ ಅಕ್ಕನ ಹೆಸರು ಹೋಯಿತು.

ಆಮೇಲೆ ನನಗೆ ಸುಳ್ಯದ ಶಾಲೆಯಲ್ಲಿ ಕೆಲಸ ಸಿಕ್ಕಿ ಅಲ್ಲಿ ರೂಮು ಮಾಡಿದೆ. ಅಕ್ಕ ಕೋಡಿಂಬಾಳದಲ್ಲೇ ಇದ್ದಾಳೆ, ಚೆನ್ನಾಗಿ ನಡೆಯುತ್ತಾಳೆ, ಪಕ್ಕದ ಮನೆಯ ಜಗಲಿಯಲ್ಲಿ ಕೂತು ಇತರರಿಗೆ ಎಲೆ ಬಿಡಿಸಿ ಕೊಡುತ್ತಾಳೆ, ಬಲಗೈಯಲ್ಲಿ. ಆ ಕೈ ನಿಜಕ್ಕೂ ತೆರೆಯುವುದಿಲ್ಲವೇ ಎಂಬ ನನ್ನ ಸಂಶಯ ಯಾವಾಗ ಶುರುವಾಯಿತು ಎಂದು ಹೇಳಲಾರೆ. ಬಹುಶಃ ಒಂದು ರವಿವಾರ ನಾನು ಅವಳ ಮುಷ್ಟಿಗೆ ಎಣ್ಣೆ ತಿಕ್ಕುತ್ತಿದ್ದಾಗ. ಬೆರಳು ಸಡಿಲವಾದ ಹಾಗೆ ಅನಿಸಿತು, ಕೂಡಲೇ ಬಿಗಿಯಾಯಿತು. ನಾನು ಮುಖ ನೋಡಿದೆ. ಅವಳು ನಗುತ್ತಿದ್ದಳು.

"ಕೈ ತೆರೆದ್ರೆ ಕಾಲು ವಾಪಾಸು ಕೇಳ್ತಾರಾ?" ಎಂದಳು.

ತಮಾಷೆ ಇರಬೇಕು. ಅವಳು ಯಾವಾಗಲೂ ಹಾಗೆಯೇ.

ಈಗ ಆ ಐದು ವರ್ಷ ಮುಗಿದಿದೆ. ಪಾದದೊಳಗಿನ ಒಂದು ಸ್ಕ್ರೂ ಸಡಿಲವಾಗಿ ಚರ್ಮವನ್ನು ಒಳಗಿನಿಂದ ಒತ್ತುತ್ತಿದೆ. ತೆಗೆಯದಿದ್ದರೆ ಅದೇ ಜಾಗದಲ್ಲಿ ಮತ್ತೆ ಹುಣ್ಣು. ಅದಕ್ಕೆ ಮತ್ತೆ ಅದೇ ನೆರವು, ಅದೇ ಕಾರ್ಡು, ನಲವತ್ತು. ಮುಂದಿನ ಸೋಮವಾರ ಮಂಡಳಿಯ ಮುಂದೆ ಹೋಗಬೇಕು. ಕಳೆದ ವಾರ ಪುತ್ತೂರಿಗೆ ಹೋದದ್ದು ಆ ಕಾಗದಗಳಿಗಾಗಿಯೇ. ಹಿಂದಿರುಗಿ ಬರುವಾಗ ಅಕ್ಕ ಕೋಡಿಂಬಾಳದಲ್ಲಿ ಇಳಿದಳು; ನನಗೆ ಕಡಬದ ಹಳೆಯ ಶಾಲೆಯಲ್ಲಿ ಸ್ವಲ್ಪ ಕೆಲಸವಿತ್ತು, ಮುಂದೆ ಹೋದೆ. ಬಸ್ಸು ಹೊರಟ ಮೇಲೆ ಕಿಟಕಿಯ ಬದಿಗೆ ಸರಿದು ಕೂತೆ. ಕಿಟಕಿಯ ಗಾಜು ಜಾರುವ ಸಂದಿನಲ್ಲಿ ಒಂದು ಬಸ್ ಟಿಕೆಟು ಸಿಕ್ಕಿಕೊಂಡಿತ್ತು. ಬೀಡಿಯ ಹಾಗೆ ಸುತ್ತಿದ್ದು. ಒಂದು ತುದಿ ಸಪೂರ, ಇನ್ನೊಂದು ತುದಿಯ ಬಾಯಿ ಉಗುರಿನಿಂದ ಮಡಚಿದ್ದು. ಒಂದೇ ಕೈಯಲ್ಲಿ ಹಾಗೆ ಸುತ್ತಲು ಆಗುವುದಿಲ್ಲ.

ಆ ಬಸ್ಸಿನಲ್ಲಿ ಬೀಡಿ ಕಟ್ಟುವ ಹೆಂಗಸರು ದಿನಾ ಹೋಗುತ್ತಾರೆ, ಬರುತ್ತಾರೆ. ಹಿಂದಿನ ಸೀಟಿನಲ್ಲೇ ಒಬ್ಬಳಿದ್ದಳು. ಬೆಳಗಿನ ಯಾವ ಟ್ರಿಪ್ಪಿನಲ್ಲಿ ಯಾರು ಆ ಕಿಟಕಿಗೆ ಕೂತಿದ್ದರೋ. ನಮ್ಮ ಟಿಕೆಟುಗಳನ್ನು ಕಂಡಕ್ಟರ್ ನನ್ನ ಕೈಗೆ ಕೊಟ್ಟನೋ, ಅಕ್ಕನ ಕೈಗೋ, ನೆನಪಿಲ್ಲ. ನನ್ನ ಜೇಬಿನಲ್ಲಿ ಇರಲಿಲ್ಲ. ಬಿಡಿಸಿದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಎಂದು ಅದರಲ್ಲೇ ಬರೆದಿರುತ್ತದೆ. ನಾನು ಬಿಡಿಸಲಿಲ್ಲ. ಅಂಗಿಯ ಜೇಬಿಗೆ ಹಾಕಿಕೊಂಡೆ. ಮಾರನೆಯ ದಿನ ಅಂಗಿಯ ಜೊತೆ ಅದೂ ಬಕೆಟಿನಲ್ಲಿ ನೆನೆದು ಮುದ್ದೆಯಾಯಿತು. ಮರೆತು ಹಾಕಿದೆ ಎಂದು ಬರೆಯಬಹುದು.

ಸೋಮವಾರ ಡಾಕ್ಟರು ಪೆನ್ನು ಕೊಡುತ್ತಾರೆ, ಲೋಟ ಕೊಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ಈ ಕೈ ತೆರೆಯುವುದೇ ಇಲ್ಲವೇ ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕೆಂದು ತಿಳಿಯಲೆಂದೇ ಇದನ್ನು ಬರೆಯತೊಡಗಿದ್ದು. ಅದನ್ನು ನಾನು ಕಟ್ಟಿ ಕೊಂದೆನೋ, ಅಥವಾ ಅಕ್ಕ ಐದು ವರ್ಷದಿಂದ ಅದನ್ನು ತಾನೇ ಮುಚ್ಚಿ ಹಿಡಿದು ಕೂತಿದ್ದಾಳೋ, ನನಗೆ ಗೊತ್ತಿಲ್ಲ.